ಅಪಾರ್ಥಕ್ಕೆ ಅಂಜದಿರಿ
ಪಂಜಾಬಿನ ಸಿಖ್ ಮನೆತನದಲ್ಲಿ ಜನಿಸಿ, ತಂದೆಯಿಂದ ತ್ಯಜಿಸಲ್ಪಟ್ಟು, 1905ರಲ್ಲಿ ಶಿಮ್ಲಾದಲ್ಲಿ ದೀಕ್ಷಾಸ್ನಾನ ಹೊಂದಿದ ಸಾಧು ಸುಂದರ ಸಿಂಗರು, ಎಳೆಯ ಪ್ರಾಯದಲ್ಲಿಯೇ ಕಾವಿಯನ್ನುಟ್ಟು ಬರಿಗಾಲಿನಲ್ಲಿ ಸುವಾರ್ತೆಯ ಹಾದಿ ಹಿಡಿದಾಗ, ಅತ್ತ ಬಂಧುಗಳಿಗೂ ಇತ್ತ ಅನೇಕ ಕ್ರೈಸ್ತರಿಗೂ ಅವರ ನಡೆ ಅರ್ಥವಾಗಲಿಲ್ಲ. ಆದರೂ ಅವರು ಕಾವಿಯನ್ನು ಕಳಚಲಿಲ್ಲ, ಕ್ರಿಸ್ತನಾಮವನ್ನು ಮರೆಮಾಚಲೂ ಇಲ್ಲ.

ಅವರಂತೆಯೇ ನೀವೂ, ನೆರೆಯವರು ಏನೆಂದುಕೊಂಡಾರೋ ಎಂಬ ಶಂಕೆಯಿಂದ ಊಟಕ್ಕೆ ಮುನ್ನಿನ ಪ್ರಾರ್ಥನೆಯನ್ನು ನುಂಗಿಕೊಳ್ಳದಿರಿ. ಕಾಯಿಲೆಯವರ ಮನೆಗೆ ಗಂಜಿ ಒಯ್ಯುವಾಗ, ಇದು ಮತಾಂತರದ ಹಂಚಿಕೆಯೆಂದಾರೆಂಬ ಅಳುಕಿನಿಂದ ಅರ್ಧದಾರಿಯಲ್ಲಿ ಹಿಂದಿರುಗದಿರಿ. ಕೇಳಿದವರಿಗೆ ವಿನಯದಿಂದ ಉತ್ತರಿಸಿರಿ, ಕೇಳದವರ ಮೇಲೆ ಹೇರದಿರಿ. ಅಪಾರ್ಥವನ್ನು ಅಳಿಸುವ ಶಕ್ತಿ ವಾದಕ್ಕಿಂತ ವರ್ಷಾನುಗಟ್ಟಲೆಯ ಸಚ್ಚಾರಿತ್ರ್ಯಕ್ಕೇ ಅಧಿಕವಾಗಿರುವುದರಿಂದ, ಆ ಕಾರ್ಯವನ್ನು ಅದಕ್ಕೇ ಒಪ್ಪಿಸಿ, ನೀವು ನಂಬಿದಂತೆ ನಿರ್ಭಯವಾಗಿ ನಡೆಯಿರಿ.