ಗುಂಡಿನ ಬಿಗಿ

ಈ ವರ್ಷದ ಸಂಚಿಕೆಗೆ ಕೋವಿಯ ವಿಷಯ ಬರೆಯುವೆನೆಂದಾಗ ಸಂಪಾದಕ ಸಮಿತಿಯ ಮಿತ್ರರು ನಕ್ಕರು. ಇತಿಹಾಸ ಓದುವವನಿಗೆ ಮದ್ದುಗುಂಡಿನ ಗೊಡವೆ ಏಕೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತಿದೆ. ನನ್ನ ಅಜ್ಜನ ಎಡಗೈಯಲ್ಲಿ ಮೂರೇ ಬೆರಳುಗಳಿವೆ.

ಅವರಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ನಡೆದ ಸಂಗತಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಬಂದಿರಲಿಲ್ಲ. ಮಲೆನಾಡಿನ ಮನೆಗಳಲ್ಲಿ ಶಿಕಾರಿ ಎಂಬುದು ವಾಡಿಕೆಯ ಮಾತಾಗಿತ್ತು. ಮಳೆ ಜಿನುಗುತ್ತಿದ್ದ ಒಂದು ಸಂಜೆ ಗದ್ದೆಗೆ ಇಳಿದ ಹಂದಿಗೆ ಅಜ್ಜ ಕೇಪಿನ ಕೋವಿಯಿಂದ ಒಂದು ಈಡು ಹೊಡೆದರು, ತಪ್ಪಿತು. ಮತ್ತೆ ಮದ್ದು ಸುರಿದು, ಬಟ್ಟೆ ಸುತ್ತಿದ ಸೀಸದ ಗುಂಡನ್ನು ನಳಿಗೆಯ ಬಾಯಿಗಿಟ್ಟು ಗಜದಿಂದ ಜಡಿಯತೊಡಗಿದರು. ಗುಂಡು ನಡುವೆ ಕಚ್ಚಿಕೊಂಡಿತು. ಅಷ್ಟರಲ್ಲಿ ಹಂದಿ ತಿರುಗಿ ಬಂತು. ಗಜವನ್ನು ಸೆಳೆದೆಸೆದು ಹಾಗೆಯೇ ಹೊಡೆದರು. ಗುಂಡು ನಿಂತಿದ್ದ ಜಾಗದಲ್ಲಿಯೇ ನಳಿಗೆ ಸೀಳಿತು. ಅವರ ಎಡಗೈಯ ಹಿಡಿತವೂ ಅಲ್ಲಿಯೇ ಇತ್ತು.

"ಗುಂಡು ಬಿಗಿಯಾಯಿತು, ಅದಕ್ಕೇ ಕೋವಿ ಒಡೆಯಿತು" ಎಂದು ಊರವರು ತೀರ್ಮಾನಿಸಿದರು. ಅಜ್ಜ ಮಾತ್ರ ಇಂದಿಗೂ ಒಪ್ಪುವುದಿಲ್ಲ. "ಸಡಿಲ ಗುಂಡಿನ ಕೋವಿಯೂ ಒಂದು ಕೋವಿಯೇನೋ ಮಗಾ?" ಎನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ಸರಿಯೆಂಬುದನ್ನು ತಿಳಿಯಲು ಹೊರಟವನು ನಾನು. ಓದುತ್ತ ಹೋದಂತೆ ಈ ಜಗಳ ನಮ್ಮ ಜಗುಲಿಯದು ಮಾತ್ರವಲ್ಲ, ಇನ್ನೂರು ಮುನ್ನೂರು ವರ್ಷ ಬೇಟೆಗಾರರನ್ನೂ ಸೇನಾಧಿಕಾರಿಗಳನ್ನೂ ಕಾಡಿದ್ದು ಎಂಬುದು ತಿಳಿಯಿತು.

ಪಟ್ಟಣದ ಸಹಪಾಠಿಗಳಿಗಾಗಿ ಎರಡು ಮಾತು. ಬಾಯಿಂದ ತುಂಬುವ ಕೋವಿಯೆಂದರೆ ಹಿಂಬದಿ ಮುಚ್ಚಿದ ಒಂದು ಕೊಳವೆ. ಮೊದಲು ಕರಿಮದ್ದು, ಅದರ ಮೇಲೆ ಗುಂಡು. ಎರಡನ್ನೂ ಗಜದಿಂದ ತಳಕ್ಕೆ ಒತ್ತಬೇಕು. ಆಮೇಲೆ ಹಿಂಬದಿಯ ಸಣ್ಣ ತೂತಿನ ಮೇಲೆ ಕೇಪು. ಕುದುರೆ ಬಡಿದೊಡನೆ ಕೇಪಿನ ಕಿಡಿ ಒಳಗಿನ ಮದ್ದಿಗೆ ತಾಗುತ್ತದೆ. ಹೊರಡುವ ದಾರಿಯಲ್ಲಿಯೇ ಗುಂಡು ಒಳಕ್ಕೂ ಹೋಗಬೇಕು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ತೊಡಕೆಲ್ಲ ಹುಟ್ಟುವುದು ಅಲ್ಲಿಂದಲೇ.

ಹದಿನೆಂಟನೆಯ ಶತಮಾನದ ಬ್ರಿಟಿಷ್ ಸಿಪಾಯಿಯ ಮಸ್ಕೆಟ್ಟಿನ ಒಳವ್ಯಾಸ ಸುಮಾರು 0.75 ಅಂಗುಲ, ಅದಕ್ಕೆ ಹಾಕುತ್ತಿದ್ದ ಗುಂಡು ಸುಮಾರು 0.69 ಅಂಗುಲ. ಈ ಅಂತರ ಬೇಕೆಂದೇ ಬಿಟ್ಟದ್ದು. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಘನರೂಪದಲ್ಲಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯಾಗಿ ಹೋದರೂ ಮಿಕ್ಕದ್ದು ನಳಿಗೆಯ ಗೋಡೆಗೆ ಕಿಟ್ಟವಾಗಿ ಅಂಟುತ್ತದೆ. ಹತ್ತು ಈಡಾದ ಮೇಲೂ ಗುಂಡು ತಾನಾಗಿ ಜಾರಬೇಕಾದರೆ ಅಷ್ಟು ಸಡಿಲ ಬೇಕೇ ಬೇಕು. ಆದರೆ ಸಡಿಲ ಗುಂಡು ಹೊರಡುವಾಗ ನಳಿಗೆಯ ಗೋಡೆಗಳಿಗೆ ಬಡಿಬಡಿದುಕೊಂಡು ಹೋಗುತ್ತದೆ. ಕಡೆಯದಾಗಿ ಯಾವ ಗೋಡೆಗೆ ಬಡಿಯಿತೋ ಅದರ ಮೇಲೆ ಅದರ ದಿಕ್ಕು. ನೂರು ಗಜ ದೂರದ ಒಬ್ಬನೇ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವ ಭರವಸೆ ಆ ಕೋವಿಯಲ್ಲಿ ಇರಲಿಲ್ಲ. ಸಾಲಾಗಿ ನಿಂತ ಪಡೆಯ ಮೇಲೆ ಸಾಲಾಗಿ ಹಾರಿಸುವವರಿಗೆ ಅದು ಸಾಕಾಗಿತ್ತು. ಬೇಟೆಗಾರನಿಗೆ ಸಾಲದು. ಅವನಿಗೆ ಸಿಗುವುದು ಒಂದೇ ಜಿಂಕೆ, ಒಂದೇ ಈಡು.

ಆದುದರಿಂದ ಬಿಗಿಯ ಹಾದಿ ಹಿಡಿದವರಲ್ಲಿ ಬೇಟೆಗಾರರೇ ಮುಂದು. ಜರ್ಮನಿಯ ಕಾಡುಗಳಲ್ಲಿ ಬೇಟೆಯಾಡುತ್ತಿದ್ದವರು ನಳಿಗೆಯ ಒಳಮೈಗೆ ಸುರುಳಿಯಾಗಿ ಗೀರು ಕೊರೆಯಿಸಿದ ರೈಫಲ್ಲುಗಳನ್ನು ಬಳಸಿದರು. ಗೀರುಗಳ ನಡುವಣ ಏಣುಗಳು ಗುಂಡನ್ನು ಹಿಡಿದು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಗುಂಡು ದಾರಿ ತಪ್ಪುವುದಿಲ್ಲ. ಆದರೆ ಏಣು ಹಿಡಿಯಬೇಕಾದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದ ಗುಂಡು ಬಾಯಿಂದ ಇಳಿಯುವುದು ಹೇಗೆ? ಬ್ರಿಟಿಷರು 1800ರ ಸುಮಾರಿನಲ್ಲಿ ತಮ್ಮ ಬೇಕರ್ ರೈಫಲ್ಲಿನ ಪಡೆಗೆ ಮೊದಮೊದಲು ಮರದ ಸಣ್ಣ ಕೊಡತಿಗಳನ್ನೇ ಕೊಟ್ಟಿದ್ದರಂತೆ. ಬಡಿದು ಇಳಿಸಿದ ಗುಂಡು ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಗುಂಡಿಗೆ ಬಿಗಿಯಿದ್ದು ಏನು ಫಲ?

ಇದಕ್ಕೆ ಬಹಳ ಚೆಲುವಾದ ಪರಿಹಾರವೆಂದು ನನಗೆ ತೋರುವುದು ಬಟ್ಟೆಯ ತುಂಡು. ಜರ್ಮನಿಯಿಂದ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದ ಕೋವಿಗಾರರು ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಉದ್ದ ನಳಿಗೆಯ ರೈಫಲ್ಲುಗಳನ್ನು ಮಾಡಿದರು. ಅವುಗಳ ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಚಿಕ್ಕದು. ಕೊಬ್ಬು ಸವರಿದ ನಾರುಬಟ್ಟೆಯನ್ನು ಬಾಯ ಮೇಲೆ ಹಾಸಿ, ಅದರ ಮೇಲೆ ಗುಂಡನ್ನಿಟ್ಟು ಎರಡನ್ನೂ ಒಟ್ಟಿಗೆ ಇಳಿಸುತ್ತಾರೆ. ಸೀಸ ಬಗ್ಗದಿದ್ದರೂ ಬಟ್ಟೆ ಬಗ್ಗುತ್ತದೆ. ಗೀರುಗಳನ್ನು ತುಂಬುತ್ತದೆ, ಮದ್ದಿನ ಹೊಗೆ ಪಕ್ಕದಿಂದ ಸೋರದಂತೆ ತಡೆಯುತ್ತದೆ, ಇಳಿಯುವಾಗ ಹಿಂದಿನ ಈಡಿನ ಕಿಟ್ಟವನ್ನೂ ಒರಸುತ್ತದೆ. ಹೊರಗೆ ಬಂದೊಡನೆ ಕಳಚಿ ಬೀಳುತ್ತದೆ. ಬಿಗಿಯನ್ನು ಗುಂಡಿನಿಂದ ತೆಗೆದು ಬಟ್ಟೆಗೆ ವಹಿಸಿಕೊಟ್ಟ ಜಾಣತನವಿದು.

ಅಮೆರಿಕದಲ್ಲಿ ಇಂದಿಗೂ ಇಂತಹ ಕೋವಿಗಳಿಂದ ಕಾಯಿದೆಯೊಳಗೆ ಬೇಟೆಯಾಡುವವರಿದ್ದಾರೆ. ಪೆನ್ಸಿಲ್ವೇನಿಯಾದಲ್ಲಿ ಚಕಮಕಿ ಕೋವಿಯವರಿಗೆಂದೇ ಜಿಂಕೆಬೇಟೆಯ ಪ್ರತ್ಯೇಕ ಅವಧಿ 1974ರಲ್ಲಿ ಆರಂಭವಾಯಿತು. ಗುಂಡನ್ನು ಆರಿಸುವ ಅವರ ರೀತಿ ನೋಡತಕ್ಕದ್ದು. 0.50 ಅಂಗುಲದ ನಳಿಗೆಗೆ ಸಾಮಾನ್ಯವಾಗಿ 0.490ರ ಗುಂಡು, 0.010ರಿಂದ 0.015 ಅಂಗುಲ ದಪ್ಪದ ಬಟ್ಟೆ. ಸೀಸ ಮೆತ್ತನೆಯದಾಗಿ, ಬೇರೆ ಲೋಹ ಬೆರೆಯದೆ ಇರಬೇಕು. ಬಾಯಲ್ಲಿ ಗಿಡ್ಡ ಕೋಲಿಟ್ಟು ಅಂಗೈಯಿಂದ ಒಂದು ಪೆಟ್ಟು ಕೊಟ್ಟರೆ ಗುಂಡು ಒಳಹೊಗಬೇಕು; ಅಲ್ಲಿಂದ ಮುಂದೆ ಗಜವನ್ನು ಒಂದೇ ಸಮನೆ ಒತ್ತಿದರೆ ಇಳಿಯಬೇಕು. ಸುತ್ತಿಗೆ ಬೇಕೆನಿಸಿದರೆ ಬಟ್ಟೆ ದಪ್ಪವಾಯಿತು. ಒಂದೇ ಬೆರಳಲ್ಲಿ ಜಾರಿದರೆ ತೆಳುವಾಯಿತು. ಇನ್ನೂ ಸಂದೇಹವಿದ್ದರೆ ಹಾರಿಸಿದ ಮೇಲೆ ಮುಂದೆ ಬಿದ್ದ ಬಟ್ಟೆಯನ್ನು ಹೆಕ್ಕಿ ನೋಡುತ್ತಾರೆ. ಅಂಚು ಮಾತ್ರ ಎಳೆಬಿಟ್ಟು ನಡುವೆ ಇಡಿಯಾಗಿದ್ದರೆ ಸರಿ. ಸುಟ್ಟು ತೂತಾಗಿದ್ದರೆ ಬೆಂಕಿ ಪಕ್ಕದಿಂದ ಸೋರಿದೆ. ಕತ್ತರಿಸಿದಂತೆ ಸೀಳಿದ್ದರೆ ಏಣುಗಳು ಹರಿತವಾಗಿವೆ. ಹರಕು ಬಟ್ಟೆಯಿಂದ ನಳಿಗೆಯ ಒಳಗನ್ನು ಓದುವ ಈ ವಿದ್ಯೆ ನನಗಂತೂ ಶಾಸನ ಓದುವವರ ಕೆಲಸದಂತೆ ಕಂಡಿತು.

ಸೈನ್ಯದವರಿಗೆ ಇಷ್ಟು ಸಾವಧಾನ ಎಲ್ಲಿಯದು? ಇಳಿಯುವಾಗ ಸಡಿಲ, ಹೊರಡುವಾಗ ಬಿಗಿ ಇರುವ ಗುಂಡು ಅವರಿಗೆ ಬೇಕಾಗಿತ್ತು. ಇಲ್ಲಿ ನಮ್ಮ ದಕ್ಷಿಣ ಭಾರತದ ಹೆಸರೂ ಬರುತ್ತದೆ. 34ನೆಯ ಪದಾತಿದಳದ ಕ್ಯಾಪ್ಟನ್ ಜಾನ್ ನಾರ್ಟನ್ ಎಂಬಾತ ಈ ಕಡೆ ಇದ್ದಾಗ ಇಲ್ಲಿಯವರ ಊದುಗೊಳವೆಯ ಬಾಣವನ್ನು ಪರೀಕ್ಷಿಸಿದನಂತೆ. ಅದರ ಬುಡದಲ್ಲಿ ತಾವರೆದಂಟಿನ ಮೆತ್ತನೆಯ ಬೆಂಡು; ಊದಿದಾಗ ಅದು ಹಿಗ್ಗಿ ಕೊಳವೆಗೆ ಒತ್ತಿಕೊಳ್ಳುತ್ತದೆ, ಗಾಳಿ ಸೋರುವುದಿಲ್ಲ. ಅದನ್ನು ಕಂಡು ಆತ ಬುಡ ಪೊಳ್ಳಾದ ಉದ್ದನೆಯ ಸೀಸದ ಗುಂಡನ್ನು ಕಲ್ಪಿಸಿದನೆಂದು ಕೋವಿಯ ಇತಿಹಾಸಗಳಲ್ಲಿ ಹೇಳುತ್ತಾರೆ. ಅಂದಿನ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ವಿಲಿಯಂ ಗ್ರೀನರ್ ಎಂಬ ಕೋವಿಗಾರ ಗುಂಡಿನೊಳಗೆ ಬಿರಡೆಯಿಟ್ಟು ಹಿಗ್ಗಿಸುವ ಉಪಾಯ ತೋರಿಸಿದಾಗಲೂ ತಳ್ಳಿಹಾಕಿದರು. 1849ರಲ್ಲಿ ಫ್ರಾನ್ಸಿನ ಮಿನಿಯೆ ಪೊಳ್ಳು ಬುಡಕ್ಕೆ ಕಬ್ಬಿಣದ ಬಟ್ಟಲಿಟ್ಟ ಗುಂಡನ್ನು ರೂಪಿಸಿದಾಗ ಅದೇ ಬ್ರಿಟಿಷ್ ಸರ್ಕಾರ ಆತನಿಗೆ 20,000 ಪೌಂಡು ಕೊಟ್ಟಿತು. ಗ್ರೀನರನ ಹಕ್ಕನ್ನು ಒಪ್ಪಿ 1857ರಲ್ಲಿ ಕೊಟ್ಟದ್ದು 1,000 ಪೌಂಡು! ಅಮೆರಿಕದ ಹಾರ್ಪರ್ಸ್ ಫೆರಿ ಕಾರ್ಖಾನೆಯ ಜೇಮ್ಸ್ ಬರ್ಟನ್, ಬುಡದ ಗೋಡೆ ತೆಳುವಾಗಿದ್ದರೆ ಬಟ್ಟಲೇ ಬೇಡವೆಂದು ತೋರಿಸಿದ. ಮದ್ದಿನ ಒತ್ತಡವೇ ಅದನ್ನು ಹಿಗ್ಗಿಸುತ್ತದೆ.

1853ರ ಎನ್‌ಫೀಲ್ಡ್ ರೈಫಲ್ಲು ಈ ತತ್ತ್ವದ್ದೇ. ನಳಿಗೆ 0.577 ಅಂಗುಲ, ಮೊದಲ ಗುಂಡು 0.568. ಗುಂಡಿಗೆ ಸುತ್ತಿದ ಕಾಗದಕ್ಕೆ ಜಿಡ್ಡು ಸವರಿದ್ದು ಕಿಟ್ಟವನ್ನು ಮೆತ್ತಗಾಗಿಸಿ ಗುಂಡನ್ನು ಇಳಿಸುವುದಕ್ಕಾಗಿ. ಆ ಜಿಡ್ಡಿನ ಕಥೆ 1857ರ ಪಾಠದಲ್ಲಿ ನಾವೆಲ್ಲರೂ ಓದಿದ್ದೇವೆ. ಬಿಗಿಯ ತೊಡಕೇ ಅದರ ಬೇರು ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಇಷ್ಟಾದರೂ ಕಿಟ್ಟ ಗೆದ್ದಿತು. ಗುಂಡನ್ನು 0.550ಕ್ಕೆ ಇಳಿಸಿ, ಬುಡಕ್ಕೆ ಮರದ ಬಿರಡೆಯಿಡಬೇಕಾಯಿತು.

ಮಧ್ಯಭಾರತದ ಕಾಡುಗಳಲ್ಲಿ ಬೇಟೆಯಾಡಿದ ಜೇಮ್ಸ್ ಫೋರ್ಸಿತ್ ಎಂಬ ಅಧಿಕಾರಿ 1860ರ ದಶಕದಲ್ಲಿ ಬೇಟೆಯ ರೈಫಲ್ಲನ್ನು ಕುರಿತು ಒಂದು ಗ್ರಂಥವನ್ನೇ ಬರೆದ. ಆತನ ವಾದ ಬೇರೆ: ಗೀರಿನ ಸುರುಳಿ ತೀರ ಬಿಗಿಯಾಗಿ, ಮದ್ದು ಹೆಚ್ಚಾದರೆ ಗುಂಡು ಏಣುಗಳ ಹಿಡಿತ ಕಳಚಿ ನೆಟ್ಟಗೆ ನುಗ್ಗುತ್ತದೆ. ಆದ್ದರಿಂದ ದೊಡ್ಡ ದುಂಡುಗುಂಡು, 104 ಅಂಗುಲಕ್ಕೆ ಒಂದೇ ಸುತ್ತು ಬರುವ ನಿಧಾನದ ಸುರುಳಿ, ಮದ್ದು ಧಾರಾಳ. ಉದ್ದನೆಯ ಗುಂಡಿಗೆ ಈ ಸುರುಳಿ ಸಾಲದು. ಇಂದಿನ ಅಮೆರಿಕದ ಕೋವಿಗಳಲ್ಲಿ ಅದಕ್ಕೆಂದೇ 28 ಅಂಗುಲಕ್ಕೆ ಒಂದು ಸುತ್ತು ಇರುವುದುಂಟು. ಗುಂಡಿಗೆ ತಕ್ಕ ಸುರುಳಿ ಇಲ್ಲದೆ ಬಿಗಿಯೊಂದರಿಂದಲೇ ಗುರಿ ಸಿಕ್ಕದು.

ಇನ್ನು ಅಜ್ಜನ ವ್ಯಾಜ್ಯಕ್ಕೆ ಬರೋಣ. ಉದ್ದಗುಂಡು ಬಳಸುವ ಅಮೆರಿಕದ ಬೇಟೆಗಾರರು ಎಚ್ಚರಿಸುವುದು ಬಿಗಿಗಿಂತ ಹೆಚ್ಚಾಗಿ ಸಡಿಲವನ್ನು ಕುರಿತು. ಕೋವಿಯ ಬಾಯಿ ಕೆಳಗೆ ಮಾಡಿಕೊಂಡು ದಿನವಿಡೀ ಕಾಡು ತಿರುಗಿದರೆ ಸಡಿಲ ಗುಂಡು ತನ್ನಷ್ಟಕ್ಕೆ ಮುಂದೆ ಜಾರುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಪೊಳ್ಳು ಬಿದ್ದಿತೆಂದರೆ ಆ ಗುಂಡು ನಳಿಗೆಗೆ ಅಡ್ಡವಾದ ಬಿರಡೆಯೇ ಸರಿ. ನಳಿಗೆ ಉಬ್ಬಬಹುದು, ಸೀಳಬಹುದು. ಅಜ್ಜನ ಕೋವಿಯಲ್ಲಿ ಆದದ್ದೂ ಇದೇ. ಗುಂಡು ಬಿಗಿಯಾಗಿದ್ದರಿಂದ ನಳಿಗೆ ಒಡೆಯಲಿಲ್ಲ, ಮದ್ದಿನ ಮೇಲೆ ಕೂರದೆ ಇದ್ದುದರಿಂದ ಒಡೆಯಿತು. ಒಂದು ಈಡಿನ ಕಿಟ್ಟ, ಅದರ ಮೇಲೆ ಮಳೆಗಾಲದ ತೇವ. ಒರಸದೆ ಎರಡನೆಯ ಗುಂಡು ಇಳಿಸಹೋದರು. ಗೀರಿಲ್ಲದ ನುಣುಪು ನಳಿಗೆಯಲ್ಲಿಯೂ ಅದು ಕಚ್ಚಿತು. ಊರವರು ಕಂಡದ್ದು ಅರ್ಧ, ಅಜ್ಜ ಹೇಳುವುದೂ ಅರ್ಧ.

ಇದಕ್ಕೆ ಅಲ್ಲಿಯವರು ಮಾಡುವ ಉಪಾಯ ಕಾಸಿನ ಖರ್ಚಿಲ್ಲದ್ದು. ಬರಿಯ ನಳಿಗೆಗೆ ಗಜವಿಟ್ಟು ಬಾಯ ಮಟ್ಟಕ್ಕೆ ಒಂದು ಗೀಟು. ಸರಿಯಾಗಿ ತುಂಬಿದ ಮೇಲೆ ಇನ್ನೊಂದು ಗೀಟು. ಪ್ರತಿ ಈಡಿಗೂ ಎರಡನೆಯ ಗೀಟು ಬಾಯಿಗೆ ಸರಿಬಂದಲ್ಲದೆ ಕೇಪು ಹಾಕುವುದಿಲ್ಲ.

ದಸರಾ ರಜೆಯಲ್ಲಿ ಇದನ್ನು ಅಜ್ಜನಿಗೆ ವಿವರಿಸಿದೆ. ಅವರು ಏನೂ ಹೇಳದೆ ಎದ್ದು ಅಟ್ಟದಿಂದ ಹಳೆಯ ಗಜವನ್ನು ತರಿಸಿದರು. ಒರಸಿ ನೋಡಿದರೆ ಅದರಲ್ಲಿ ಚಾಕುವಿನಿಂದ ಕೊರೆದ ಎರಡು ಗೀಟುಗಳಿದ್ದವು; ಅಜ್ಜನ ಅಪ್ಪ ಕೊರೆದದ್ದಂತೆ.

"ಹಾಗಾದರೆ ಆ ದಿನ ಗೀಟು ಎಲ್ಲಿ ನಿಂತಿತ್ತು ಅಜ್ಜಾ?" ಎಂದು ಕೇಳಿದೆ.

ಅವರು ಮೇಲಿನ ಗೀಟನ್ನು ಬಿಟ್ಟು ಕೆಳಗಿನದಕ್ಕೆ ಹೆಬ್ಬೆರಳಿಟ್ಟು, ಬಲಗೈಯ ಒಂದು ಗೇಣು ಅಳೆದು ತೋರಿಸಿದರು.