ಸೀಡರ್ ಪಾಯಿಂಟ್‌ಗೆ ಹೊರಟವರಿಗೆ

ಓಹಾಯೋದ ಸೀಡರ್ ಪಾಯಿಂಟ್ ಮನರಂಜನಾ ಉದ್ಯಾನಕ್ಕೆ ಹೊರಟಿದ್ದೀರಾ? ಎಲ್ಲ ರೋಲರ್ ಕೋಸ್ಟರ್‌ಗಳನ್ನೂ ಒಂದೇ ದಿನದಲ್ಲಿ ಹತ್ತಿಳಿಯುವ ಹಟ ಮಾತ್ರ ಬೇಡ. ಅಭಿಮಾನಿಗಳು ಎಡವುವುದು ಅಲ್ಲೇ. 2000ರಲ್ಲಿ ಶುರುವಾದ, 310 ಅಡಿ ಎತ್ತರದ ಮಿಲೇನಿಯಮ್ ಫೋರ್ಸ್ ಕೋಸ್ಟರ್‌ನಿಂದ ಇಳಿದು, ಗುಟುಕು ನೀರೂ ಕುಡಿಯದೆ ಸ್ಟೀಲ್ ವೆಂಜೆನ್ಸ್ ಎಂಬ ಇನ್ನೊಂದು ಕೋಸ್ಟರ್‌ನ ಸಾಲಿಗೆ ಓಡಿದರೆ ತಲೆ ಸುತ್ತದೆ ಇನ್ನೇನು? ನೆರಳಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಹೊಟ್ಟೆ ಬಿರಿಯ ತಿಂದು ಹತ್ತಬೇಡಿ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ತಲೆಯನ್ನು ಸೀಟಿಗೆ ಆನಿಸಿ ಕೂರಿ. ವಿಡಿಯೋ ಆಸೆಗೆ ಮೊಬೈಲ್ ತೆಗೆಯಲೇಬೇಡಿ, ಆ ವೇಗದಲ್ಲಿ ಕೈತಪ್ಪಿದರೆ ಹಿಂದೆ ಕೂತವರ ಮುಖಕ್ಕೇ ಬಡಿದೀತು. ಈರಿ ಸರೋವರದ ದಂಡೆ ಅದು. ಬಿರುಗಾಳಿ, ಮಿಂಚು ಬಂದರೆ ಕೋಸ್ಟರ್ ನಿಲ್ಲಿಸುತ್ತಾರೆ. ಸಿಬ್ಬಂದಿಯ ಮೇಲೆ ರೇಗಬೇಡಿ, ಅವರು ನೋಡುತ್ತಿರುವುದು ನಿಮ್ಮ ಕ್ಷೇಮವನ್ನೇ. ಎತ್ತರ ಸಾಲದ ಮಗುವಿಗೆ ದಪ್ಪ ಅಟ್ಟೆಯ ಶೂ ತೊಡಿಸಿ ಒಳಗೆ ನುಸುಳಿಸುವ ಜಾಣತನವಂತೂ ಬೇಡವೇ ಬೇಡ. ಸುರಕ್ಷಾ ಸರಳು ಅಷ್ಟು ಪುಟ್ಟ ಮೈಯನ್ನು ಹಿಡಿದಿಡಲಾರದು.