ಸದ್ದು ಬಂತೆಂದು ಡಿಸ್ಕ್ ಲೇತಿಗೆ ಹಾಕಬೇಡಿ

ರಾಯಚೂರು, ದೇವದುರ್ಗ, ಮಾನ್ವಿಯ ಪಿಕಪ್ ಚಾಲಕರು, ಮಾಲೀಕರು, ಗ್ಯಾರೇಜ್ ಮಿಸ್ತ್ರಿಗಳ ಗಮನಕ್ಕೆ

ಭತ್ತ, ಹತ್ತಿ ಹೇರುವ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್. ಸದ್ದು ಬಂತೆಂದು ಡಿಸ್ಕನ್ನು ಲೇತಿಗೆ ಹಾಕಿದರೆ ಅಲ್ಲಿ ಹೋದ ಕಬ್ಬಿಣ ಮರಳಿ ಬರುವುದಿಲ್ಲ. ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ, ತುಂಬಿದ ಲೋಡಿನಲ್ಲಿ ಬಿರುಕು ಬಿಡಬಹುದು. ಮೊದಲು ಸದ್ದಿನ ಮೂಲ ಹಿಡಿಯಿರಿ.

ಮಾಡಬೇಕಾದ್ದು

ಬ್ರೇಕ್ ಒತ್ತದಿದ್ದರೂ ಚರಚರ ಎಂದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಹರಳು ಸಿಕ್ಕಿದೆಯೇ ನೋಡಿ. ತೆಗೆದರೆ ಕೆಲಸ ಅಷ್ಟೇ.

ಕ್ಯಾಲಿಪರ್ ಪಿನ್ನು ಕೈಯಲ್ಲಿ ಜಾರಿಸಿ ನೋಡಿ. ನಮ್ಮ ಭಾಗದಲ್ಲಿ ಇದೇ ದೊಡ್ಡ ಕಾಟ. ತುಂಗಭದ್ರಾ ಎಡದಂಡೆ ನಾಲೆಯ ಗದ್ದೆಗಳಿಂದ ಟ್ರ್ಯಾಕ್ಟರ್ ಗಾಲಿಗಳು ಎರೆಮಣ್ಣನ್ನು ಮಾನ್ವಿ ರಸ್ತೆಗೆ ತರುತ್ತವೆ. ಅದು ಕ್ಯಾಲಿಪರಿಗೆ ಮೆತ್ತಿ, ಬಿಸಿಲಿಗೆ ಇಟ್ಟಿಗೆಯಂತಾಗುತ್ತದೆ. ರಬ್ಬರ್ ಹರಿದಿದ್ದರೆ ಪಿನ್ನಿನ ತೂತಿನೊಳಕ್ಕೂ ಇಳಿಯುತ್ತದೆ. ಒಳಗಿನ ಪ್ಯಾಡ್ ಸವೆದು ಹೊರಗಿನದು ದಪ್ಪವಾಗಿಯೇ ಉಳಿದಿದ್ದರೆ ಪಿನ್ನು ಹಿಡಿದಿರುವ ಸಾಧ್ಯತೆ ಹೆಚ್ಚು. ತೊಳೆದು, ಸಿಲಿಕೋನ್ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬದಲಿಸಿ.

ಪ್ಯಾಡಿನ ಲೈನಿಂಗ್ 3 ಮಿ.ಮೀ.ಗೆ ಇಳಿದಿದ್ದರೆ ಎರಡೂ ಗಾಲಿಯವನ್ನು ಒಟ್ಟಿಗೇ ಬದಲಿಸಿ. ಗರಗರ ಸದ್ದು ಬಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಗಾಡಿ ಅಲ್ಲೇ ನಿಲ್ಲಿಸಿ, ಎಪಿಎಂಸಿಗೆ ಇನ್ನೊಂದು ಟ್ರಿಪ್ ಹೊಡೆಯುವ ಮಾತು ಬೇಡ.

ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಬಿಚ್ಚಿ ಹಬ್ಬಿನ ತುಕ್ಕು ಉಜ್ಜಿ ತೆಗೆಯಿರಿ. ಕೂಡಿಸಿದ ಮೇಲೆ ಡಯಲ್ ಗೇಜ್ ಇಟ್ಟು ಓಲಾಟ ಅಳೆಯಿರಿ. ಅದು ಮಿತಿ ಮೀರಿದ್ದರೆ ಮಾತ್ರ ಲೇತಿನ ಮಾತು.

ಗೀರು ಡಿಸ್ಕ್ (ಮುಖದ ಮೇಲೆ ಗೀರು ಕೊರೆದ ಸ್ಲಾಟೆಡ್ ಡಿಸ್ಕ್) ಹಾಕಿಸಿಕೊಂಡವರಿಗೆ

ಜೋರು ಬ್ರೇಕಿಗೆ ಬರುವ ಸಣ್ಣ ಗುಂಯ್ ಸದ್ದು ಆ ಡಿಸ್ಕಿನ ಸ್ವಭಾವ, ರಿಪೇರಿ ಬೇಕಿಲ್ಲ. ಲೇತ್ ಹೊಡೆಸಲೇಬೇಕಾದರೆ ಡಿಸ್ಕಿನ ಅಂಚಿನಲ್ಲಿ ಕೆತ್ತಿದ ಕನಿಷ್ಠ ದಪ್ಪ ಓದಿ, ಮೈಕ್ರೋಮೀಟರಿನಲ್ಲಿ ನಾಲ್ಕಾರು ಕಡೆ ಅಳೆಯಿರಿ. ಕೊರೆದ ಮೇಲೂ ಡಿಸ್ಕ್ ಆ ಅಂಕಿಗಿಂತ ದಪ್ಪ ಉಳಿಯಬೇಕು. ಪ್ರತಿ ಗೀರಿಗೂ ಟೂಲ್ ಬಡಿದು ಎಗರುತ್ತದೆ. ಆದ್ದರಿಂದ ಹೊಸ ಟಿಪ್, ತೆಳು ಕಟ್, ನಿಧಾನ ಫೀಡ್. ಗೀರಿನ ಅಂಚಿನ ಮುಳ್ಳನ್ನು ಅರದಿಂದ ತೆಗೆದು, ಸೋಪು ನೀರಿನಲ್ಲಿ ತೊಳೆದು ಒಣಗಿಸಿ.

ಮಾಡಬಾರದ್ದು

ಗೀರು ಅಳಿಸಿಹೋಗುವಷ್ಟು ಸವೆದ ಡಿಸ್ಕನ್ನು ಲೇತಿಗೆ ಕೊಡಬೇಡಿ, ಗ್ರೈಂಡರಿನಲ್ಲಿ ಗೀರು ಆಳ ಮಾಡಬೇಡಿ. ಬಿರುಕು ಕಂಡರೆ ಗುಜರಿಗೆ ಹಾಕಿ.

ಪ್ಯಾಡಿನ ಮುಖಕ್ಕೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಸದ್ದು ನಿಂತೀತು, ಗಾಡಿ ನಿಲ್ಲದು. ಪ್ಯಾಡಿನ ಧೂಳನ್ನು ಗಾಳಿ ಪೈಪಿನಿಂದ ಊದಬೇಡಿ. ಹಳೆಯ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಮೊದಲು ಹೋಗುವುದು ಕೆಲಸದ ಹುಡುಗನ ಎದೆಗೆ. ಒದ್ದೆ ಬಟ್ಟೆಯಿಂದ ಒರೆಸಿ. ಕ್ಯಾಲಿಪರನ್ನು ಹೋಸಿಗೆ ಜೋತು ಬಿಡಬೇಡಿ, ತಂತಿಯಿಂದ ಕಟ್ಟಿ.

ಹೊಸ ಪ್ಯಾಡ್ ಹಾಕಿದ ದಿನ ಲೋಡ್ ಹೇರಬೇಡಿ. ದೇವದುರ್ಗ ರಸ್ತೆಯಲ್ಲಿ ಜನ, ದನ ಇಲ್ಲದ ಕಡೆ ಖಾಲಿ ಗಾಡಿಯನ್ನು 50 ಕಿ.ಮೀ. ವೇಗದಿಂದ 10ಕ್ಕೆ ಹತ್ತಾರು ಸಲ ಮೆಲ್ಲಗೆ ಇಳಿಸಿ, ನಡುನಡುವೆ ಆರಲು ಬಿಡಿ. ಅದಕ್ಕೂ ಮೊದಲು, ಗ್ಯಾರೇಜಿನಿಂದ ಗಾಡಿ ಕದಲಿಸುವ ಮುನ್ನ, ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ. ಇಲ್ಲದಿದ್ದರೆ ಮೊದಲ ಬ್ರೇಕೇ ಹಿಡಿಯುವುದಿಲ್ಲ.